ಓಡುವ ವಾಹನದ ಗಾಳಿ ಪುಕ್ಕಟೆಯೇ?

ಮೈಸೂರಿನ ಶಾಲೆಯೊಂದರಲ್ಲಿ ನಡೆದ ವಿಜ್ಞಾನ ಮಾದರಿಗಳ ಪ್ರದರ್ಶನಕ್ಕೆ ತೀರ್ಪುಗಾರರಲ್ಲಿ ಒಬ್ಬನಾಗಿ ಹೋಗಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬ ರಟ್ಟಿನ ಕಾರು ಮಾಡಿ ತಂದಿದ್ದ. ಆಟಿಕೆಯಿಂದ ಬಿಚ್ಚಿದ ಪುಟ್ಟ ಡಿ.ಸಿ. ಮೋಟರಿಗೆ ಪ್ಲಾಸ್ಟಿಕ್ ರೆಕ್ಕೆ ಸಿಕ್ಕಿಸಿ ಅದನ್ನು ಕಾರಿನ ನೆತ್ತಿಯ ಮೇಲೆ ಕೂರಿಸಿದ್ದ. ಮೋಟರಿನ ಎರಡು ತಂತಿಗಳಿಗೆ ಒಂದು ಕೆಂಪು ಎಲ್‌ಇಡಿ. ಎದುರಿಗೆ ಟೇಬಲ್ ಫ್ಯಾನು. ಫ್ಯಾನು ಹಾಕಿದೊಡನೆ ರೆಕ್ಕೆ ಗಿರ್ರನೆ ತಿರುಗಿತು, ಎಲ್‌ಇಡಿ ಬೆಳಗಿತು. "ಕಾರು ಓಡುವಾಗ ಗಾಳಿ ಹೇಗಿದ್ದರೂ ಬರುತ್ತೆ ಸಾರ್. ಆ ಗಾಳಿಯಿಂದಲೇ ಬ್ಯಾಟರಿ ಚಾರ್ಜ್ ಆಗುತ್ತೆ. ಪೆಟ್ರೋಲೂ ಬೇಡ, ಕೆಇಬಿ ಕರೆಂಟೂ ಬೇಡ" ಎಂದ. ಹುಡುಗ ಚುರುಕು, ಮಾತು ಸ್ಪಷ್ಟ, ಪೋಸ್ಟರು ಅಚ್ಚುಕಟ್ಟು. ಮೂವರು ತೀರ್ಪುಗಾರರೂ ಒಮ್ಮತದಿಂದ ಮೊದಲ ಬಹುಮಾನ ಕೊಟ್ಟೆವು.

ಟೇಬಲ್ ಫ್ಯಾನಿನ ಪ್ಲಗ್ ಗೋಡೆಯ ಸಾಕೆಟ್ಟಿನಲ್ಲಿತ್ತು. ಐವತ್ತು ವಾಟ್ ನುಂಗುವ ಫ್ಯಾನು ಒಂದು ವಾಟಿನ ಇಪ್ಪತ್ತನೆಯ ಒಂದು ಭಾಗದಷ್ಟು ಬೇಡುವ ಎಲ್‌ಇಡಿಯನ್ನು ಬೆಳಗಿಸುತ್ತಿತ್ತು. ಮಾದರಿಯ ನಿಜವಾದ ಪಾಠ ಅಲ್ಲಿಯೇ, ನಮ್ಮ ಕಾಲಬುಡದಲ್ಲೇ ಇತ್ತು. ಆ ಪ್ಲಗ್ಗಿನ ಬಗ್ಗೆ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. (ಅಂದು ಇನ್ನೊಂದು ಮಾದರಿಯೂ ಇತ್ತು. ಅದರ ವಿಷಯ ಆಮೇಲೆ.)

ಇದು ಒಬ್ಬ ಹುಡುಗನ ಕಲ್ಪನೆಯಲ್ಲ. ಶಾಲಾ ಮಾದರಿಗಳಲ್ಲಿ, ಇಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟುಗಳಲ್ಲಿ, ಪತ್ರಿಕೆಗಳ 'ಯುವ ವಿಜ್ಞಾನಿ' ಅಂಕಣಗಳಲ್ಲಿ ಇದು ಮತ್ತೆ ಮತ್ತೆ ತಲೆಯೆತ್ತುತ್ತದೆ. ಇದಕ್ಕೆ ಎರಡು ರೂಪಗಳಿವೆ. ವಾಹನದ ಮೇಲೆಯೇ ಟರ್ಬೈನು ಕೂರಿಸುವುದು ಒಂದು. ಹೆದ್ದಾರಿಯ ವಿಭಜಕದ ಮೇಲೆ ಟರ್ಬೈನು ನೆಟ್ಟು, ಹಾದುಹೋಗುವ ಬಸ್ಸು ಲಾರಿಗಳ ಗಾಳಿಯಿಂದ ವಿದ್ಯುತ್ ಪಡೆಯುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿದು ಹೊಗಳುವುದೂ ತಪ್ಪು, ಒಂದೇ ಏಟಿಗೆ ತಳ್ಳಿಹಾಕುವುದೂ ತಪ್ಪು. ಮೊದಲನೆಯದು ಭೌತವಿಜ್ಞಾನದ ಪರೀಕ್ಷೆಯಲ್ಲೇ ಬೀಳುತ್ತದೆ. ಎರಡನೆಯದು ಅದರಲ್ಲಿ ಪಾಸಾಗಿ ಅಂಕಗಣಿತದಲ್ಲಿ ಬೀಳುತ್ತದೆ.

ಮೊದಲನೆಯದಕ್ಕೆ ಬರೋಣ. ಸೈಕಲ್ಲಿಗೆ ಡೈನಮೋ ಹಾಕಿಸಿಕೊಂಡು ರಾತ್ರಿ ಓಡಾಡಿದ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ. ಡೈನಮೋದ ತಲೆ ಟೈರಿಗೆ ತಾಗಿದ ಕ್ಷಣವೇ ಪೆಡಲು ಭಾರವಾಗುತ್ತಿತ್ತು. ಮೂರು ವಾಟಿನ ಆ ಮಂದ ಬೆಳಕಿಗೆ ನಮ್ಮ ಕಾಲುಗಳು ಅದರ ಎರಡು ಮೂರು ಪಟ್ಟು ಶಕ್ತಿ ಕೊಡಬೇಕಾಗಿತ್ತು. ರೈಲುಬೋಗಿಗಳ ಅಡಿಯಲ್ಲಿ ಅಚ್ಚಿಗೆ ಬೆಲ್ಟು ಕಟ್ಟಿ ಆಲ್ಟರ್ನೇಟರು ತಿರುಗಿಸಿ ದೀಪ, ಫ್ಯಾನುಗಳನ್ನು ನಡೆಸುವ ಏರ್ಪಾಟು ಬಹಳ ಕಾಲದಿಂದ ಬಂದದ್ದು. ಆ ವಿದ್ಯುತ್ತನ್ನು ರೈಲ್ವೆಯ ಇಂಜಿನಿಯರರು ಯಾರೂ ಪುಕ್ಕಟೆ ಎಂದು ಕರೆಯಲಿಲ್ಲ. ಅದರ ಹೊರೆಯನ್ನು ಮುಂದಿನ ಇಂಜಿನ್ನು ಎಳೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಹೊಸ ಗಾಡಿಗಳಲ್ಲಿ ಮೇಲಿನ ತಂತಿಯ ವಿದ್ಯುತ್ತನ್ನೇ ಇಂಜಿನ್ನಿನ ಮೂಲಕ ನೇರವಾಗಿ ಬೋಗಿಗಳಿಗೆ ಕೊಡುವ ಕ್ರಮ ಬಂದಿದೆ.

ಆದರೆ ಡೈನಮೋ ಚಕ್ರಕ್ಕೆ ತಾಗುತ್ತದೆ, ಟರ್ಬೈನು ಗಾಳಿಗೆ ತಾಗುತ್ತದೆ. ಗಾಳಿ 'ಹೇಗಿದ್ದರೂ ಬರುತ್ತದೆ' ಎಂಬ ಮಾತಿಗೆ ಇದರಿಂದ ಪೂರ್ತಿ ಉತ್ತರ ಸಿಗದು. ತರಗತಿಯಲ್ಲಿ ಕೊಡಬಹುದಾದ ಉತ್ತರ ಹೀಗಿದೆ. ಗಾಳಿಯಿಲ್ಲದ ದಿನ ಕಾರು ಓಡುತ್ತಿದೆ ಎನ್ನಿ. ಟರ್ಬೈನು ತಿರುಗಬೇಕಾದರೆ ಗಾಳಿ ಅದನ್ನು ಹಿಂದಕ್ಕೆ ಒತ್ತಲೇಬೇಕು. ಆ ಬಲವನ್ನು ಮೀರಿ ಕಾರನ್ನು ಮುಂದೂಡಲು ಇಂಜಿನ್ನು ಪ್ರತಿ ಸೆಕೆಂಡಿಗೆ ಮಾಡುವ ಹೆಚ್ಚುವರಿ ಕೆಲಸ, ಆ ಬಲವನ್ನು ಕಾರಿನ ವೇಗದಿಂದ ಗುಣಿಸಿದಷ್ಟು. ಟರ್ಬೈನಿಗೆ ಸಿಗುವುದೆಷ್ಟು? ಅದೇ ಬಲವನ್ನು ರೆಕ್ಕೆಗಳ ನಡುವೆ ಹಾದುಹೋಗುವ ಗಾಳಿಯ ವೇಗದಿಂದ ಗುಣಿಸಿದಷ್ಟು. ರೆಕ್ಕೆಗಳು ಗಾಳಿಯಿಂದ ಶಕ್ತಿ ಹೀರಬೇಕಾದರೆ ಗಾಳಿ ಅಲ್ಲಿ ನಿಧಾನವಾಗಲೇಬೇಕು. ಹಾಗಾಗಿ ಎರಡನೆಯ ವೇಗ ಯಾವಾಗಲೂ ಮೊದಲನೆಯದಕ್ಕಿಂತ ಕಡಿಮೆ. ಕೊಟ್ಟದ್ದಕ್ಕಿಂತ ಬಂದದ್ದು ಕಡಿಮೆ. ಬೇರಿಂಗು, ಜನರೇಟರುಗಳ ನಷ್ಟವನ್ನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಅಂಕಿಗಳಲ್ಲಿ ನೋಡೋಣ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕಿಲೋಗ್ರಾಂ. ಕಾರಿನ ವೇಗ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್. ಟರ್ಬೈನಿನ ವ್ಯಾಸ 20 ಸೆಂಟಿಮೀಟರ್. ಆ ವೃತ್ತದಷ್ಟು ಅಗಲದ ಗಾಳಿಯಲ್ಲಿ ಪ್ರತಿ ಸೆಕೆಂಡಿಗೆ ಬರುವ ಚಲನ ಶಕ್ತಿ 138 ಜೂಲ್, ಎಂದರೆ 138 ವಾಟ್. ಇದರಲ್ಲಿ ಯಾವ ಟರ್ಬೈನೂ 27ರಲ್ಲಿ 16 ಪಾಲಿಗಿಂತ ಹೆಚ್ಚು ಪಡೆಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲಿ ತೋರಿಸಿದ. ಆ ಮಿತಿಯನ್ನು ಮುಟ್ಟುವ ಆದರ್ಶ ಟರ್ಬೈನಿಗೆ ಸಿಗುವುದು 82 ವಾಟ್. ಅದೇ ಟರ್ಬೈನು ಇಂಜಿನ್ನಿನಿಂದ ಕಸಿಯುವುದು 123 ವಾಟ್! ಮೂರು ಕೊಟ್ಟು ಎರಡು ಪಡೆದಂತೆ. ಉಳಿದ 41 ವಾಟ್ ಎಲ್ಲಿ ಹೋಯಿತು? ಸುಮ್ಮನಿದ್ದ ಗಾಳಿಯನ್ನು ಕಾರಿನ ಹಿಂದೆ ಎಳೆದೊಯ್ಯುವುದಕ್ಕೆ ಖರ್ಚಾಯಿತು. ಇದು ಆದರ್ಶದ ಮಾತು. ಪೇಟೆಯಲ್ಲಿ ಸಿಗುವ ಪುಟ್ಟ ಟರ್ಬೈನು ಜನರೇಟರಿನ ನಷ್ಟ ಕಳೆದು 35 ವಾಟ್ ಕೊಟ್ಟರೆ ದೊಡ್ಡದು. ಅದಕ್ಕಾಗಿ ಇಂಜಿನ್ನಿನ ಮೇಲೆ ಬೀಳುವ ಹೊರೆ ನೂರು ವಾಟಿನ ಸುಮಾರಿಗೆ ಇರುತ್ತದೆ. ಪೆಟ್ರೋಲ್ ಇಂಜಿನ್ನಿನ ದಕ್ಷತೆ ನಾಲ್ಕರಲ್ಲಿ ಒಂದು ಪಾಲು ಎಂದುಕೊಂಡರೆ, ಒಂದು ಲೀಟರ್ ಪೆಟ್ರೋಲಿನ ಸುಮಾರು 9 ಯೂನಿಟ್ ಶಕ್ತಿಯಿಂದ ಈ ದಾರಿಯಲ್ಲಿ ಕೊನೆಗೆ ಕೈಗೆ ಬರುವುದು 0.8 ಯೂನಿಟ್. ಪೆಟ್ರೋಲಿನ ಬೆಲೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಈ 'ಪುಕ್ಕಟೆ' ವಿದ್ಯುತ್ತು ಯೂನಿಟ್ಟಿಗೆ ನೂರಿಪ್ಪತ್ತು ರೂಪಾಯಿಗೂ ಮೇಲೆ ಬೀಳುತ್ತದೆ. ಹಾಗೆ ನೋಡಿದರೆ ಪ್ರತಿ ಕಾರಿನಲ್ಲೂ ಇಂಜಿನ್ನಿಗೆ ಬೆಲ್ಟಿನಿಂದ ಜೋಡಿಸಿದ ಆಲ್ಟರ್ನೇಟರು ಆಗಲೇ ಇದೆ. ಅದು ಇದೇ ಕೆಲಸವನ್ನು ಇದಕ್ಕಿಂತ ಅಗ್ಗವಾಗಿ ಮಾಡುತ್ತಿದೆ.

ವಿದ್ಯುತ್ ಕಾರಿಗೆ ಹಾಕಿದರೆ? ಎಂಬುದು ಈಗಿನ ಪ್ರಶ್ನೆ. ಇಂಜಿನ್ನು ಎಂಬಲ್ಲಿ ಮೋಟರು ಎಂದು ಓದಿಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ. ಆ ವೇಗದಲ್ಲಿ ಸಾಧಾರಣ ಕಾರಿಗೆ ಗಾಳಿಯ ತಡೆ, ಟೈರುಗಳ ತಡೆ ಎರಡೂ ಸೇರಿ ಆರು ಕಿಲೋವಾಟಿನಷ್ಟು ಬೇಕು. ಅದರ ಮುಂದೆ 35 ವಾಟ್ ಯಾವ ಮೂಲೆಗೆ? ಅದೂ ನೂರು ವಾಟ್ ತೆತ್ತು.

ಮೈಸೂರಿನವರಿಗೆ ಇನ್ನೊಂದು ರೀತಿಯಲ್ಲಿ ಹೇಳಬಹುದು. ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರು ಟರ್ಬೈನು ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಆ ನೀರನ್ನು ಕೊಡಗಿನ ಬೆಟ್ಟದ ಮೇಲಕ್ಕೆ ಎತ್ತಿದವನು ಸೂರ್ಯ. ಅದಕ್ಕೆ ನಾವು ಬಿಲ್ಲು ಕಟ್ಟಿಲ್ಲ. ಆದರೆ ಹೊಂಗಳ್ಳಿ, ಬೆಳಗೊಳಗಳಿಂದ ನಗರಕ್ಕೆ ಬರುವ ಕುಡಿಯುವ ನೀರನ್ನು ಎತ್ತುವುದು ಪಂಪು. ಆ ಕೊಳವೆಯೊಳಗೆ ಟರ್ಬೈನು ಇಟ್ಟು ಅದರ ವಿದ್ಯುತ್ತಿನಿಂದ ಪಂಪನ್ನೇ ಓಡಿಸುತ್ತೇನೆಂದರೆ ವಾಟರ್ ವರ್ಕ್ಸಿನವರು ನಕ್ಕಾರು. ಕಾರಿನ ಮುಂದಿನ ಗಾಳಿ ಕಾವೇರಿಯಲ್ಲ, ಕೊಳವೆಯ ನೀರು.

ವಿಮಾನಗಳಲ್ಲಿ ಇಂಥದೇ ಪುಟ್ಟ ಟರ್ಬೈನು ಇದೆಯಲ್ಲ ಎಂದು ಓದಿಕೊಂಡ ವಿದ್ಯಾರ್ಥಿ ಕೇಳಬಹುದು. ಇದೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು 41 ಸಾವಿರ ಅಡಿ ಎತ್ತರದಲ್ಲಿ ಇಂಧನ ಮುಗಿದು ಎರಡೂ ಇಂಜಿನ್ನುಗಳನ್ನು ಕಳೆದುಕೊಂಡಿತು. ಆಗ ಹೊಟ್ಟೆಯಡಿಯಿಂದ ಹೊರಚಾಚಿದ ಗಾಳಿ ಟರ್ಬೈನು ಚುಕ್ಕಾಣಿ ಆಡಿಸಲು ಬೇಕಾದಷ್ಟು ಶಕ್ತಿ ಕೊಟ್ಟಿತು. ವಿಮಾನ ತೇಲಿಕೊಂಡು ಗಿಮ್ಲಿ ಎಂಬ ಊರಿನ ಹಳೆಯ ನಿಲ್ದಾಣದಲ್ಲಿ ಇಳಿಯಿತು, ಯಾರ ಪ್ರಾಣವೂ ಹೋಗಲಿಲ್ಲ. ಆ ಶಕ್ತಿಯ ಬೆಲೆಯನ್ನು ವಿಮಾನ ತನ್ನ ಎತ್ತರದಿಂದ ತೆತ್ತಿತು. ಇಳಿಯಲು ವೇಗ ತಗ್ಗಿಸಿದಂತೆ ಟರ್ಬೈನೂ ಸೊರಗಿ ಚುಕ್ಕಾಣಿ ಬಿಗಿಯಾಯಿತು. ಅಂಥ ಟರ್ಬೈನನ್ನು ಮಾಮೂಲು ಹಾರಾಟದಲ್ಲಿ ಮಡಚಿ ಒಳಗಿಟ್ಟಿರುತ್ತಾರೆ. ವಿಮಾನ ತಯಾರಕರು ಒಂದೊಂದು ಲೀಟರ್ ಇಂಧನಕ್ಕೂ ಲೆಕ್ಕ ಹಾಕುವವರು. ಪುಕ್ಕಟೆಯಾಗಿದ್ದರೆ ಅವರು ಅದನ್ನು ಸದಾ ಹೊರಗಿಟ್ಟೇ ಹಾರುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಅಸಾಧ್ಯ' ಎಂದು ಮೇಷ್ಟ್ರು ಗದರಿಸುವ ಮುನ್ನ ಎದುರುಗಾಳಿಯನ್ನು ನೆನೆಯಬೇಕು. ಮೇಲಿನ ವಾದದಲ್ಲಿ ಗಾಳಿ ಇಲ್ಲದ ದಿನ ಎಂದಿದ್ದೇನೆ. ನಿಜವಾದ ಗಾಳಿ ಎದುರಿನಿಂದ ಬೀಸುತ್ತಿದ್ದರೆ ರೆಕ್ಕೆಗೆ ತಗಲುವ ವೇಗ ಕಾರಿನ ವೇಗಕ್ಕಿಂತ ಹೆಚ್ಚು, ಆದರೆ ಇಂಜಿನ್ನು ತೆರುವುದು ಕಾರಿನ ವೇಗದ ಲೆಕ್ಕದಲ್ಲೇ. ಗಾಳಿ ಜೋರಾಗಿದ್ದು ಗಾಡಿ ನಿಧಾನವಾಗಿದ್ದರೆ ಟರ್ಬೈನು ಲಾಭ ತರಬಲ್ಲದು. ಅಮೆರಿಕದಲ್ಲಿ 'ಬ್ಲ್ಯಾಕ್‌ಬರ್ಡ್' ಎಂಬ ಗಾಡಿ 2010ರಲ್ಲಿ ಗಾಳಿ ಬೀಸುವ ದಿಕ್ಕಿನಲ್ಲೇ ಗಾಳಿಗಿಂತ ವೇಗವಾಗಿ ಓಡಿತು; 2012ರಲ್ಲಿ ರೆಕ್ಕೆಗಳನ್ನು ಟರ್ಬೈನಾಗಿ ಬದಲಿಸಿಕೊಂಡು ನೇರ ಎದುರುಗಾಳಿಗೇ ಮುಖಮಾಡಿ ಗಾಳಿಯ ವೇಗದ ಎರಡು ಪಟ್ಟಿಗೂ ಹೆಚ್ಚು ವೇಗ ಸಾಧಿಸಿತು. ಅದರಲ್ಲಿ ಇಂಜಿನ್ನೇ ಇರಲಿಲ್ಲ! ಯಾವ ನಿಯಮವೂ ಮುರಿಯಲಿಲ್ಲ. ಶಕ್ತಿ ಬಂದದ್ದು ನೆಲಕ್ಕೂ ಗಾಳಿಗೂ ಇದ್ದ ವೇಗದ ವ್ಯತ್ಯಾಸದಿಂದ. ಆದರೆ ಅದು ಆ ಒಂದೇ ಕೆಲಸಕ್ಕೆಂದು ಕಟ್ಟಿದ ಹಗುರ ಗಾಡಿ, ದೊಡ್ಡ ರೆಕ್ಕೆ. ನಮ್ಮ ಕಾರಿನ ವೇಗ ಸೆಕೆಂಡಿಗೆ 20 ಮೀಟರ್, ಎದುರುಗಾಳಿ 3 ಮೀಟರ್ ಎನ್ನೋಣ. ಬೆಟ್ಜ್ ಮಿತಿಯ ಟರ್ಬೈನಿನಲ್ಲಿ ಗಾಳಿಯ ವೇಗ 23ರ ಮೂರನೆಯ ಎರಡು ಪಾಲು, ಎಂದರೆ 15ಕ್ಕೆ ಇಳಿಯುತ್ತದೆ. ತೆರುವುದು ಇನ್ನೂ 20ರ ಲೆಕ್ಕದಲ್ಲಿ. ನಷ್ಟವೇ.

ಬ್ರೇಕು ಹಾಕುವಾಗ ಮಾತ್ರ ಟರ್ಬೈನನ್ನು ಬಿಚ್ಚಿದರೆ ಎಂಬ ವಾದವೂ ಇದೆ. ಇದು ಬುದ್ಧಿವಂತಿಕೆಯ ವಾದ, ಏಕೆಂದರೆ ಹೇಗೂ ಬ್ರೇಕಿನ ಶಾಖವಾಗಿ ಹೋಗುವ ಶಕ್ತಿಯನ್ನು ಅದು ಹಿಡಿಯಲು ನೋಡುತ್ತದೆ. ಆದರೆ ವಿದ್ಯುತ್ ವಾಹನಗಳಲ್ಲಿ ಚಕ್ರದ ಮೋಟರೇ ಜನರೇಟರಾಗಿ ಈ ಕೆಲಸವನ್ನು ಎಷ್ಟೋ ಚೆನ್ನಾಗಿ ಮಾಡುತ್ತದೆ. ಚಾಮುಂಡಿ ಬೆಟ್ಟ ನಗರಕ್ಕಿಂತ ಸುಮಾರು 300 ಮೀಟರ್ ಎತ್ತರ. ಸವಾರನೂ ಸೇರಿ 180 ಕಿಲೋಗ್ರಾಂ ತೂಗುವ ವಿದ್ಯುತ್ ಸ್ಕೂಟರು ಬೆಟ್ಟದ ಮೇಲಿಂದ ಇಳಿಯುವಾಗ ಬಿಟ್ಟುಕೊಡುವ ಸ್ಥಾನ ಶಕ್ತಿ ಸುಮಾರು 147 ವಾಟ್-ಗಂಟೆ. ಅದರಲ್ಲಿ ಮೂರನೆಯ ಒಂದು ಪಾಲು ಬ್ಯಾಟರಿಗೆ ಮರಳಿದರೂ 50 ವಾಟ್-ಗಂಟೆ ಆಯಿತು. ನಮ್ಮ 35 ವಾಟ್ ಟರ್ಬೈನು ಹೆದ್ದಾರಿಯಲ್ಲಿ ಒಂದೂವರೆ ಗಂಟೆ ತಿರುಗಿ ಗಳಿಸುವಷ್ಟನ್ನು ಇದು ಕೆಲವೇ ನಿಮಿಷಗಳಲ್ಲಿ, ಪೆಟ್ರೋಲ್ ಕೇಳದೆ, ಕೊಟ್ಟಿತು. ಹತ್ತುವಾಗ ಕೊಟ್ಟ ಶಕ್ತಿಯೇ ಇಳಿಯುವಾಗ ಸ್ವಲ್ಪ ಮರಳಿದ್ದು ಎಂಬುದನ್ನು ಮಕ್ಕಳು ತಾವೇ ಹೇಳಿಯಾರು.

ಈಗ ಎರಡನೆಯ ರೂಪ, ರಸ್ತೆಬದಿಯ ಟರ್ಬೈನು. ಇದನ್ನು ಮೊದಲನೆಯದರಂತೆ ತಳ್ಳಿಹಾಕಲಾಗದು. ಲಾರಿ ಹಾದುಹೋದ ಮೇಲೆ ಹಿಂದೆ ಸುಳಿಯುವ ಗಾಳಿಯ ಶಕ್ತಿ ಹೇಗೂ ಶಾಖವಾಗಿ ಅಡಗುತ್ತದೆ. ಒಂದೆರಡು ಮೀಟರ್ ದೂರದಲ್ಲಿ ನಿಂತ ಟರ್ಬೈನು ಅದರಲ್ಲಿ ಚೂರು ಹಿಡಿದರೆ ಲಾರಿಗೆ ಆಗುವ ತೊಂದರೆ ಅತ್ಯಲ್ಪ. ಸುರಂಗದಂಥ ಇಕ್ಕಟ್ಟಿನಲ್ಲಿ ಮಾತ್ರ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದರಲ್ಲಿ ಮೆಚ್ಚಬೇಕಾದ ಒಂದು ಜಾಣತನವೂ ಇದೆ. ವಿಭಜಕದ ಮೇಲೆ ಲಂಬ ಅಕ್ಷದ ಟರ್ಬೈನು ನೆಟ್ಟರೆ ಒಂದು ಬದಿಯ ವಾಹನಗಳು ಅದರ ಒಂದು ಮಗ್ಗುಲನ್ನು ಮುಂದಕ್ಕೆ ತಳ್ಳುತ್ತವೆ, ಎದುರು ಬದಿಯವು ಇನ್ನೊಂದು ಮಗ್ಗುಲನ್ನು ಹಿಂದಕ್ಕೆ. ಎರಡೂ ಸೇರಿ ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಮೊದಲು ಇದನ್ನು ಹೊಳೆಯಿಸಿಕೊಂಡವರಿಗೆ ಶಹಭಾಸ್ ಎನ್ನಬೇಕು.

ತೊಡಕಿರುವುದು ಪ್ರಮಾಣದಲ್ಲಿ. ಹನ್ನೆರಡು ಮೀಟರ್ ಉದ್ದದ ಬಸ್ಸು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಟರ್ಬೈನನ್ನು ದಾಟಲು 0.6 ಸೆಕೆಂಡು ಸಾಕು. ಅದರ ಗಾಳಿಯ ಹೊಡೆತ ಎರಡು ಸೆಕೆಂಡು ಇರುತ್ತದೆ, ವೇಗ ಸೆಕೆಂಡಿಗೆ 5 ಮೀಟರ್ ಇರುತ್ತದೆ ಎನ್ನೋಣ. ಒಂದು ಚದರ ಮೀಟರ್ ಅಡ್ಡಗಾತ್ರದ ಸವೋನಿಯಸ್ ಮಾದರಿಯ ಟರ್ಬೈನು, ದಕ್ಷತೆ ನೂರಕ್ಕೆ 15, ಜನರೇಟರಿನ ದಕ್ಷತೆ ನೂರಕ್ಕೆ 60. ಒಂದು ಬಸ್ಸಿಗೆ ದಕ್ಕುವುದು 12 ಜೂಲ್. ದಿನಕ್ಕೆ ಮೂರು ಸಾವಿರ ಭಾರಿ ವಾಹನಗಳು ಹೀಗೆ ತಳ್ಳಿದರೆ ಸುಮಾರು 10 ವಾಟ್-ಗಂಟೆ. ಹತ್ತು ವಾಟಿನ ಒಂದು ಎಲ್‌ಇಡಿ ಬಲ್ಬು, ಒಂದು ಗಂಟೆ. ಇವೆಲ್ಲ ನಾನು ಹಿಡಿದ ಅಂದಾಜುಗಳು. ನಿಮಗೆ ಒಪ್ಪಿಗೆಯಾಗದಿದ್ದರೆ ಬದಲಿಸಿ ನೋಡಿ. ಗಾಳಿಯ ವೇಗ 5ರ ಬದಲು 8 ಎಂದರೆ ವೇಗದ ಘನಕ್ಕೆ ತಕ್ಕಂತೆ ಫಲ ನಾಲ್ಕು ಪಟ್ಟಾಗುತ್ತದೆ. ಆದರೂ ಪಕ್ಕದಲ್ಲೇ ಅಲ್ಲಾಡದೆ ಬಿದ್ದಿರುವ ಒಂದು ಚದರ ಮೀಟರ್ ಸೌರಫಲಕ ನಮ್ಮ ಮೈಸೂರಿನ ಬಿಸಿಲಿನಲ್ಲಿ ದಿನಕ್ಕೆ ಸುಮಾರು 800 ವಾಟ್-ಗಂಟೆ ಕೊಡುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿ 118 ಕಿಲೋಮೀಟರ್. 2023ರ ಮಾರ್ಚಿಯಲ್ಲಿ ಅದು ಉದ್ಘಾಟನೆಯಾದ ಮೇಲೆ ಅದರ ವಿಭಜಕ ಈ ಕನಸಿನವರ ಕಣ್ಣಿಗೆ ಬಿದ್ದಿರುವುದು ಸಹಜ. ಹತ್ತು ಮೀಟರಿಗೊಂದರಂತೆ ನೆಡೋಣ: 11,800 ಟರ್ಬೈನುಗಳು. ಒಂದೊಂದಕ್ಕೆ 10 ವಾಟ್-ಗಂಟೆಯಂತೆ ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಇಡೀ ಹೆದ್ದಾರಿ ಸೇರಿ ದಿನಕ್ಕೆ ಕೊಡುವುದು 118 ಯೂನಿಟ್. ಇದಕ್ಕೆ ಬೇಕಾದ ಸೌರಫಲಕ ಸುಮಾರು 150 ಚದರ ಮೀಟರ್; ಮೂರು ತರಗತಿ ಕೊಠಡಿಗಳ ಮಾಡು. ಹನ್ನೊಂದು ಸಾವಿರ ಬೇರಿಂಗುಗಳಿಗೆ ಎಣ್ಣೆ ಹಾಕುವವರು ಯಾರು, ಕಳಚಿದ ರೆಕ್ಕೆ ಗಂಟೆಗೆ ನೂರು ಕಿಲೋಮೀಟರಿನಲ್ಲಿ ಬರುವ ಕಾರಿನ ಗಾಜಿಗೆ ಬಡಿದರೆ ಏನು ಎಂಬುದನ್ನು ಕೇಳುವ ಅಗತ್ಯವೇ ಇಲ್ಲ. ಚಿತ್ರದುರ್ಗದ ಜೋಗಿಮಟ್ಟಿಯಲ್ಲೂ ಗದಗದ ಕಪ್ಪತಗುಡ್ಡದ ಸೀಮೆಯಲ್ಲೂ ಗಾಳಿಯಂತ್ರಗಳನ್ನು ಎತ್ತರದಲ್ಲಿ, ಅಷ್ಟು ದೊಡ್ಡ ರೆಕ್ಕೆಗಳೊಡನೆ ಏಕೆ ನಿಲ್ಲಿಸಿದ್ದಾರೆ ಎಂಬುದಕ್ಕೆ ಇದೇ ಲೆಕ್ಕದಲ್ಲಿ ಉತ್ತರವಿದೆ.

ಆದರೂ ರಸ್ತೆಬದಿಯ ಟರ್ಬೈನು ತಿರುಗುವ ವಿಡಿಯೋಗಳು ಬರುತ್ತಲೇ ಇವೆ. 2010ರ ದಶಕದ ಕೊನೆಯಲ್ಲಿ ಇಸ್ತಾಂಬುಲಿನ ಬಸ್ ಮಾರ್ಗದ ಪಕ್ಕದಲ್ಲಿ ನಿಲ್ಲಿಸಿದ 'ಎನ್‌ಲಿಲ್' ಎಂಬ ಲಂಬ ಟರ್ಬೈನಿನ ಸುದ್ದಿ ಲೋಕವೆಲ್ಲ ಸುತ್ತಿತು. ಅದು 'ಗಂಟೆಗೆ ಒಂದು ಕಿಲೋವಾಟ್' ಉತ್ಪಾದಿಸುತ್ತದೆ ಎಂದು ಹಲವೆಡೆ ಅಚ್ಚಾಯಿತು. ಕಿಲೋವಾಟ್ ಎಂಬುದೇ ಒಂದು ದರ. ಅದಕ್ಕೆ ಮತ್ತೆ 'ಗಂಟೆಗೆ' ಸೇರಿಸುವುದೆಂದರೆ 'ಗಂಟೆಗೆ ಅರವತ್ತು ಕಿಲೋಮೀಟರ್ ವೇಗ, ಪ್ರತಿ ಗಂಟೆಗೆ' ಎಂದಂತೆ. ಪಿಯುಸಿ ವಿದ್ಯಾರ್ಥಿ ಹೀಗೆ ಬರೆದರೆ ಅಂಕ ಕಳೆಯುವ ನಾವು ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಸೂಚನಾಫಲಕಕ್ಕೆ ಅಂಟಿಸುತ್ತೇವೆ.

ಇನ್ನೂ ದೊಡ್ಡ ಕೊರತೆ ಹೋಲಿಕೆಯದು. ರಸ್ತೆಬದಿಯ ಟರ್ಬೈನು ತಿರುಗಿತು, ಸರಿ. ತಿರುಗಿಸಿದ್ದು ಬಸ್ಸೋ, ಆಷಾಢದ ಗಾಳಿಯೋ? ಅಂಥದೇ ಇನ್ನೊಂದು ಟರ್ಬೈನನ್ನು ರಸ್ತೆಯಿಂದ ನೂರು ಮೀಟರ್ ಒಳಗೆ, ಬಯಲಿನಲ್ಲಿ ನಿಲ್ಲಿಸಿ ಎರಡರ ವಾಟ್-ಗಂಟೆಗಳನ್ನು ಒಂದು ವಾರ ಬರೆದಿಟ್ಟರೆ ಮಾತ್ರ ವಾಹನದ ಪಾಲೆಷ್ಟು ಎಂದು ತಿಳಿದೀತು. ನಾನು ನೋಡಿದ ಪ್ರಾಜೆಕ್ಟು ವರದಿಗಳಲ್ಲಿ ವೋಲ್ಟು ಇರುತ್ತದೆ. ಅದೂ ಹೊರೆ ಜೋಡಿಸದೆ ಅಳೆದ ವೋಲ್ಟು. ಒಮ್ಮೊಮ್ಮೆ ಹರಿದ ವಿದ್ಯುತ್ತೂ ಇರುತ್ತದೆ. ಇಡೀ ದಿನದ ವಾಟ್-ಗಂಟೆ ಇರುವುದು ಅಪರೂಪ, ಹೋಲಿಕೆಯ ಟರ್ಬೈನು ಇದ್ದದ್ದನ್ನು ನಾನು ಕಂಡಿಲ್ಲ. ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ಶಾಲಾ ಮಕ್ಕಳಿಂದಲೂ ಸಮೀಕ್ಷೆ, ಅಂಕಿಅಂಶ, ದಿನಚರಿ ಪುಸ್ತಕಗಳನ್ನು ಕೇಳುತ್ತಾ ಬಂದಿದೆ. ಮಾದರಿ ಪ್ರದರ್ಶನಗಳಲ್ಲಿ ಮಾತ್ರ ಬಲ್ಬು ಹೊತ್ತಿತೇ ಎಂಬುದೇ ನಮ್ಮ ಒಂದಂಶದ ಪರೀಕ್ಷೆ.

ತಾನಾಗಿ ತಿರುಗುವ ಚಕ್ರದ ಆಸೆ ದಡ್ಡರ ಆಸೆಯೇನಲ್ಲ. ಅರೆಕಾಲುಗಳಲ್ಲಿ ಪಾದರಸ ತುಂಬಿದ, ತಾನೇ ಸುತ್ತುವ ಚಕ್ರವನ್ನು ಭಾಸ್ಕರಾಚಾರ್ಯರೇ 1150ರ 'ಸಿದ್ಧಾಂತ ಶಿರೋಮಣಿ'ಯಲ್ಲಿ ವರ್ಣಿಸಿದ್ದಾರೆ. ಇಂಥ ಯಂತ್ರಗಳ ಅರ್ಜಿಗಳಿಂದ ಬೇಸತ್ತು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ಇನ್ನು ಮುಂದೆ ಅವನ್ನು ಪರಿಶೀಲಿಸುವುದಿಲ್ಲ ಎಂದು ತೀರ್ಮಾನಿಸಿತು. ಅಕಾಡೆಮಿಗೆ ಅದು ಸರಿ. ಶಾಲೆ ಹಾಗೆ ಬಾಗಿಲು ಹಾಕಬಾರದೆಂದು ನನ್ನ ಅಭಿಪ್ರಾಯ. ರಟ್ಟಿನ ಕಾರಿನ ಹುಡುಗನಿಗೆ ಬೇಕಾಗಿದ್ದದ್ದು ಬಹುಮಾನಕ್ಕಿಂತ ಒಂದು ತಕ್ಕಡಿ. ಕಾರನ್ನು ನುಣುಪು ಹಲಗೆಯ ಮೇಲಿಟ್ಟು ಹಿಂದಿನಿಂದ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ಎದುರಿನಿಂದ ಫ್ಯಾನು ಹಾಕಿ, ರೆಕ್ಕೆ ಇದ್ದಾಗ ಎಷ್ಟು ಎಳೆತ, ತೆಗೆದಾಗ ಎಷ್ಟು ಎಂದು ಅವನೇ ಅಳೆದಿದ್ದರೆ ಉಳಿದ ಪಾಠವನ್ನು ಅವನೇ ನಮಗೆ ಹೇಳುತ್ತಿದ್ದ. ಎಲ್‌ಇಡಿ ಕಳಚಿ ತಂತಿಗಳನ್ನು ಒಂದಕ್ಕೊಂದು ಸೇರಿಸಿದರೆ ರೆಕ್ಕೆಯ ಓಟ ಏಕೆ ಕುಗ್ಗುತ್ತದೆ ಎಂಬುದನ್ನೂ ಅಲ್ಲೇ ಕೇಳಬಹುದಿತ್ತು.

ಆ ಇನ್ನೊಂದು ಮಾದರಿಯ ಮಾತು ಬಾಕಿ ಇದೆ. ಪ್ರದರ್ಶನದ ಕೊನೆಯ ಮೇಜಿನಲ್ಲಿ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ಎಣ್ಣೆಯ ಡಬ್ಬವನ್ನು ಉದ್ದಕ್ಕೆ ಸೀಳಿ ಮಾಡಿದ ರಾಟೆಯೊಂದನ್ನು ಇಟ್ಟುಕೊಂಡು ಕುಳಿತಿದ್ದರು. ಅದನ್ನು ತಮ್ಮ ಶಾಲೆಯ ಎದುರಿನ ರಸ್ತೆಯ ಅಂಚಿನಲ್ಲಿ ನಿಲ್ಲಿಸಿ, ಬಸ್ಸು, ಲಾರಿ, ಕಾರು ಎಂದು ಗೆರೆ ಹೊಡೆದು ಪಟ್ಟಿ ಮಾಡಿದ್ದರು. ಬಹುತೇಕ ಸಾಲುಗಳ ಮುಂದೆ 'ತಿರುಗಲಿಲ್ಲ' ಎಂದಿತ್ತು. ಪುಟದ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು: ಸಂಜೆ ಗಾಳಿ ಬಂದಾಗ, ಯಾವ ವಾಹನವೂ ಇಲ್ಲದಾಗ, ತಿರುಗಿತು. ನಾವು ಬಂದಾಗ ರಾಟೆ ನಿಂತಿತ್ತು, ಬೆಳಗಲು ಎಲ್‌ಇಡಿಯೂ ಇರಲಿಲ್ಲ. ಅಂಕಪಟ್ಟಿಯ ಷರಾ ಕಲಂನಲ್ಲಿ 'ಮಾದರಿ ಕೆಲಸ ಮಾಡುತ್ತಿಲ್ಲ' ಎಂದು ಬರೆದವನು ನಾನು.